ಓದಿ ಅಂಗೀಕರಿಸುವುದು

ಅಮ್ಮ ಗೆದ್ದ ದಿನ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ದರು. 2018ರ ಸೆಪ್ಟೆಂಬರ್ 3. ನಾನಾಗ ಎಸ್ಸೆಸ್ಸೆಲ್ಸಿ. ಬೆಳಿಗ್ಗೆಯಿಂದ ಸಂಜೆವರೆಗೂ ಹೊಲಿಗೆ ಮಿಷನ್ ಮುಂದೆ ಕೂತಿರುತ್ತಿದ್ದ ಅಮ್ಮ ಒಂದೇ ದಿನದಲ್ಲಿ ಪಟ್ಟಣ ಪಂಚಾಯಿತಿ ಸದಸ್ಯೆ! ವಾರ್ಡ್ ಮಹಿಳೆಗೆ ಮೀಸಲಾಗಿತ್ತು. ಬೀದಿಯ ಅರ್ಧ ಹೆಂಗಸರ ಬ್ಲೌಸ್ ಹೊಲಿದವಳು ಅಮ್ಮನೇ ಆದ್ದರಿಂದ ಮತ ಕೇಳುವುದು ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಗೆದ್ದ ಮೇಲೆ.

ಮಾರನೇ ದಿನ ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿದರು. ‘ಮೆಂಬರಮ್ಮ, ನಲ್ಲೀಲಿ ನೀರು ಬಂದಿಲ್ಲ.’ ಅಮ್ಮ ಕಚೇರಿಗೆ ಓಡಿದಳು. ಅಲ್ಲಿದ್ದವರು, ‘ಇನ್ನೂ ನಿಮ್ಮ ಸಭೆಯೇ ಆಗಿಲ್ಲವಲ್ಲಮ್ಮ’ ಎಂದು ಕಳಿಸಿದರು. ಆ ಸಭೆ ಆಗಲು ಎರಡು ವರ್ಷ ಬೇಕಾಯಿತು! ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿತ್ತು. ಆ ಸಲ ಚುನಾವಣೆ ನಡೆದ ನೂರಕ್ಕೂ ಹೆಚ್ಚು ಊರುಗಳಲ್ಲಿ ಬಹುತೇಕ ಕಡೆ ಇದೇ ಕಥೆ. ಗೆದ್ದವರು ಮನೆಯಲ್ಲಿ, ಅಧಿಕಾರ ಆಡಳಿತಾಧಿಕಾರಿಗಳ ಕೈಯಲ್ಲಿ. ನೀರು ಬರದಿದ್ದರೆ ಜನ ಬೈಯುತ್ತಿದ್ದದ್ದು ಮಾತ್ರ ಅಮ್ಮನನ್ನು. ಎಷ್ಟೋ ಸಲ ಬೇಸರವಾಗಿ, ‘ಮಿಷನ್ ತುಳ್ಕೊಂಡು ಇದ್ದಿದ್ರೆ ಮರ್ಯಾದೆನಾದ್ರೂ ಉಳೀತಿತ್ತು’ ಅನ್ನುತ್ತಿದ್ದಳು.

ಅಂತೂ 2020ರ ಕೊನೆಗೆ ಅಧ್ಯಕ್ಷರ ಆಯ್ಕೆಯಾಗಿ ಸಭೆಗಳು ಶುರುವಾದವು. ಮೊದಲ ಸಾಮಾನ್ಯ ಸಭೆಯ ನೋಟಿಸ್ ಮನೆಗೆ ಬಂದಾಗ ನಾನೇ ಓದಿ ಹೇಳಬೇಕಾಯಿತು. ಅಮ್ಮ ಏಳನೇ ಕ್ಲಾಸು ಓದಿದವಳು, ದಿನಾ ಪೇಪರ್ ಓದುತ್ತಾಳೆ. ಆದರೆ ಅಜೆಂಡಾದ ಕನ್ನಡ ಬೇರೆಯೇ. ವಿಷಯ ಒಂದು: ಹಿಂದಿನ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವುದು. ವಿಷಯ ಎರಡು: ಹಿಂದಿನ ತಿಂಗಳ ಜಮಾ–ಖರ್ಚನ್ನು ಓದಿ ಅಂಗೀಕರಿಸುವುದು. ಆಮೇಲೆ ಸಾಲಾಗಿ ‘ಘಟನೋತ್ತರ ಅನುಮೋದನೆ’.

‘ಘಟನೋತ್ತರ ಅಂದ್ರೆ ಏನೇ?’ ಅಂದಳು ಅಮ್ಮ. ಆಗಷ್ಟೇ ಪಿಯುಸಿಯಲ್ಲಿದ್ದ ನನಗೂ ಗೊತ್ತಿರಲಿಲ್ಲ. ಯಾವುದೋ ದುರ್ಘಟನೆ ಇರಬೇಕು ಅಂದುಕೊಂಡೆವು.

ಸಭೆಯಿಂದ ಬಂದ ಅಮ್ಮ ಸುಮ್ಮನೆ ಕೂತಿದ್ದಳು. ಏನಾಯಿತು ಎಂದರೆ, ‘ಏನೂ ಇಲ್ಲ. ಒಬ್ರು ವಿಷಯ ಒಂದು ಅಂದ್ರು, ಎಲ್ರೂ ಸರಿ ಅಂದ್ರು. ವಿಷಯ ಎರಡು ಅಂದ್ರು, ಎಲ್ರೂ ಸರಿ ಅಂದ್ರು. ಬೋಂಡ, ಕಾಫಿ ಬಂತು. ಸೈನ್ ಹಾಕ್ದೆ, ಬಂದೆ’ ಎಂದಳು.

ತರಬೇತಿಯ ಪತ್ರ ಬಂದದ್ದು ಇದಾದ ಎಷ್ಟೋ ತಿಂಗಳ ನಂತರ. ಮೈಸೂರಿನಲ್ಲಿ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಅಂತ ಒಂದಿದೆ. ಪುರಸಭೆ, ಪಟ್ಟಣ ಪಂಚಾಯಿತಿಗಳ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವುದೇ ಅದರ ಕೆಲಸ. ಅಪ್ಪನಿಗೆ ಅಂಗಡಿ ಬಿಟ್ಟು ಬರಲು ಆಗಲ್ಲ, ಅಮ್ಮನಿಗೆ ಒಬ್ಬಳೇ ಹೋಗಲು ಭಯ. ಹೀಗೆ ಜೊತೆಗೆ ಹೋದವಳು ನಾನು. ಅಲ್ಲಿ ಹೋದರೆ ಬೇರೆ ಊರಿನ ಸದಸ್ಯೆಯರ ಜೊತೆ ಅವರ ಗಂಡಂದಿರೂ ಬಂದಿದ್ದರು. ಒಬ್ಬರಂತೂ ಫೈಲು ಹಿಡಿದು ಮುಂದಿನ ಸಾಲಿನಲ್ಲೇ ಕೂತುಬಿಟ್ಟಿದ್ದರು. ‘ಗೆದ್ದವರು ಮಾತ್ರ ಒಳಗಿರಿ’ ಎಂದು ವಿನಯವಾಗಿಯೇ ಹೇಳಿ ಅವರನ್ನು ಹೊರಗೆ ಕಳಿಸಿದರು. ಎರಡು ದಿನ ವರಾಂಡದಲ್ಲಿ ಆ ಗಂಡಂದಿರ ಸಾಲಿನಲ್ಲಿ ನಾನೂ ಒಬ್ಬಳು.

ಕಿಟಕಿಯಿಂದ ಎಲ್ಲಾ ಕೇಳಿಸುತ್ತಿತ್ತು. ಪಾಠ ಮಾಡಿದವರು ನಿವೃತ್ತ ಮುಖ್ಯಾಧಿಕಾರಿಯೊಬ್ಬರು. ಸಂವಿಧಾನದ 74ನೇ ತಿದ್ದುಪಡಿ, 12ನೇ ಅನುಸೂಚಿಯ 18 ವಿಷಯಗಳು ಅಂತ ಶುರು ಮಾಡಿದಾಗ ಒಳಗೂ ಹೊರಗೂ ಆಕಳಿಕೆ. ಆಮೇಲೆ ಅವರು ಒಂದು ಅಜೆಂಡಾ ಹಾಳೆಯನ್ನೇ ಎಲ್ಲರಿಗೂ ಹಂಚಿ, ಪದ ಪದ ಬಿಡಿಸತೊಡಗಿದರು. ಘಟನೋತ್ತರ ಅಂದರೆ ಖರ್ಚು ಮೊದಲೇ ಆಗಿಹೋಗಿದೆ, ಒಪ್ಪಿಗೆ ಮಾತ್ರ ಈಗ ಕೇಳುತ್ತಿದ್ದಾರೆ ಅಂತ. ತುರ್ತಿಗೆ ಅದು ಬೇಕು, ಆದರೆ ತಿಂಗಳು ತಿಂಗಳೂ ಪುಟಗಟ್ಟಲೆ ಬಂದರೆ ಯಾಕೆ ಎಂದು ಕೇಳಿ ಅಂದರು. ಪರಿಶಿಷ್ಟರಿಗೆ ಮೀಸಲಿಡಬೇಕಾದ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5, ಈ ಲೆಕ್ಕಗಳನ್ನೂ ಹೇಳಿದರು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ ಇದೆ ಎಂಬುದು ನಮ್ಮ ಮನೆಗೇ ಗೊತ್ತಿರಲಿಲ್ಲ!

ಅಮ್ಮ ಇದನ್ನೆಲ್ಲ ಬರೆದುಕೊಂಡದ್ದು ತನ್ನ ಅಳತೆ ಪುಸ್ತಕದಲ್ಲಿ. ಬೇರೆ ನೋಟ್‌ಬುಕ್ ತಂದಿರಲಿಲ್ಲ. ಕೊಟ್ಟ ಕೈಪಿಡಿ ದಪ್ಪಗಿತ್ತು. ಅದನ್ನು ಊರಿಗೆ ಬಂದ ಮೇಲೆ ನಾವು ಯಾರೂ ತೆರೆಯಲಿಲ್ಲ, ಸುಳ್ಳು ಹೇಳುವುದಿಲ್ಲ. ಕೆಲಸಕ್ಕೆ ಬಂದದ್ದು ಅಳತೆ ಪುಸ್ತಕವೇ.

ಮುಂದಿನ ಸಭೆಯಲ್ಲಿ ವಿಷಯ ಎರಡು ಬಂದಾಗ ಎಂದಿನಂತೆ ಎಲ್ಲರೂ ‘ಸರಿ’ ಅಂದರು. ಅಮ್ಮ ಎದ್ದುನಿಂತು, ‘ಸಾರ್, ಓದಿ ಅಂಗೀಕರಿಸುವುದು ಅಂತ ಬರ್ದಿದೆ. ಓದಿ’ ಅಂದಳಂತೆ. ಯಾರೋ ನಕ್ಕರು. ‘ಓದೋಕೆ ಕೂತ್ರೆ ರಾತ್ರಿಯಾಗುತ್ತಮ್ಮ’ ಅಂದರು. ‘ಆಗಲಿ, ನಂಗೇನು ಬಸ್ ಹಿಡಿಯೋದಿಲ್ಲ’ ಅಂದಳಂತೆ. ಕೈಕಾಲು ನಡುಗುತ್ತಿತ್ತು ಅಂತ ಮನೆಗೆ ಬಂದು ಹೇಳಿದಳು.

ಓದಿದರು. ನಮ್ಮ ವಾರ್ಡಿನ ಒಂದೇ ಬೋರ್‌ವೆಲ್ಲಿನ ಮೋಟಾರ್ ರೀವೈಂಡಿಂಗಿಗೆ ಎರಡೇ ತಿಂಗಳಲ್ಲಿ ಮೂರು ಬಿಲ್ಲು! ಕಳ್ಳ ಸಿಕ್ಕಿದ ಅಂತಲೇ ನಾನಂತೂ ಕುಣಿದೆ, ಫೇಸ್‌ಬುಕ್‌ನಲ್ಲಿ ಹಾಕಲು ಹೊರಟೆ. ಅಮ್ಮ ತಡೆದು, ಮೊದಲು ನೀರುಗಂಟಿಯ ಹತ್ತಿರ ಹೋದಳು. ಬಿಲ್ಲು ಸುಳ್ಳಲ್ಲ, ಮೋಟಾರು ನಿಜವಾಗಿಯೂ ಮೂರು ಸಲ ಸುಟ್ಟಿತ್ತು. ‘ಪ್ಯಾನಲ್ ಬೋರ್ಡ್ ಕೆಟ್ಟು ಆರು ತಿಂಗಳಾಯ್ತಕ್ಕ. ಒಂದು ಫೇಸ್ ಹೋದ್ರೂ ಮೋಟಾರ್ ಆಫ್ ಆಗಲ್ಲ, ಓಡಿ ಓಡಿ ಸುಟ್ಟೋಗುತ್ತೆ. ಹೇಳಿ ಹೇಳಿ ಸಾಕಾಯ್ತು, ಯಾರೂ ಕೇಳಲಿಲ್ಲ’ ಅಂದ ಆತ. ಮೂರು ರಿಪೇರಿಯ ದುಡ್ಡಿಗಿಂತ ಹೊಸ ಬೋರ್ಡಿನ ದುಡ್ಡೇ ಕಡಿಮೆ. ಮುಂದಿನ ಸಭೆಯಲ್ಲಿ ಅಮ್ಮ ಅದನ್ನೇ ವಿಷಯವಾಗಿ ಸೇರಿಸಿದಳು. ಬೋರ್ಡ್ ಬಂತು. ಬೆಳಿಗ್ಗೆ ಆರರ ಬಾಗಿಲು ಬಡಿತ ಪೂರ್ತಿ ನಿಲ್ಲದಿದ್ದರೂ ಕಡಿಮೆಯಾಯಿತು.

ಎಲ್ಲ ಹೀಗೆ ಸಲೀಸಾಯಿತು ಅಂದುಕೊಳ್ಳಬೇಡಿ. ಹಿಂದಿನ ಬೀದಿಯ ಪೋಲಿಯೊ ಆದ ಅಣ್ಣನಿಗೆ ಶೇ 5ರ ನಿಧಿಯಿಂದ ಗಾಡಿ ಕೊಡಿಸಲು ಅಮ್ಮ ಓಡಾಡಿದ್ದೇ ಓಡಾಡಿದ್ದು. ಇನ್ನೇನು ಆಗುತ್ತೆ ಅನ್ನುವಾಗ, 2023ರಲ್ಲಿ ಅಧ್ಯಕ್ಷರ ಮೊದಲ ಅವಧಿ ಮುಗಿದು ಮತ್ತೆ ಆಡಳಿತಾಧಿಕಾರಿ ಬಂದರು. ಮುಂದಿನ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟು ದಿನ ಅಮ್ಮ ಮತ್ತೆ ಹೆಸರಿಗಷ್ಟೇ ಮೆಂಬರು. ಅಣ್ಣನಿಗೆ ಗಾಡಿ ಸಿಕ್ಕಿತು, ಆದರೆ ಅಷ್ಟರಲ್ಲಿ ಅವನು ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸ್ ಬಿಟ್ಟುಬಿಟ್ಟಿದ್ದ. ನನಗೆ ಸಿಟ್ಟು ಬರುವುದು ಇಲ್ಲೇ. ಗೆದ್ದ ವಾರವೇ ಆ ಎರಡು ದಿನದ ಪಾಠ ಆಗಿದ್ದರೆ? ಸಭೆ ಇಲ್ಲದ ಎರಡು ವರ್ಷದಲ್ಲಿ ಕಲಿಯಲು ಎಷ್ಟು ಸಮಯವಿತ್ತು! ದಪ್ಪ ಕೈಪಿಡಿಯ ಬದಲು ಆ ನಿವೃತ್ತ ಅಧಿಕಾರಿ ಹಂಚಿದಂಥ ನಾಲ್ಕು ಹಾಳೆ ಸಾಕಿತ್ತು.

ಅಮ್ಮ ಈಗ ಮತ್ತೆ ಮಿಷನ್ ಮುಂದೆ. ಮತ್ತೆ ನಿಲ್ಲುವ ಮನಸ್ಸಿಲ್ಲ ಅನ್ನುತ್ತಾಳೆ, ನಂಬಬಹುದೋ ಗೊತ್ತಿಲ್ಲ. ಮುಂದಿನ ಸಲ ನಿಲ್ಲಬೇಕು ಅಂತಿರುವ ಎದುರು ಮನೆ ಅಕ್ಕ ಮೊನ್ನೆ ಬಂದು ಅಳತೆ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು. ‘ಎರಡೇ ದಿನದಲ್ಲಿ ಕೊಟ್ಬಿಡೇ, ಹಿಂದಿನ ಪುಟದಲ್ಲಿ ಮೂರು ಜನರ ಬ್ಲೌಸ್ ಅಳತೆ ಇದೆ, ಹಬ್ಬಕ್ಕೆ ಹೊಲಿದು ಕೊಡ್ಬೇಕು’ ಅಂತ ಅಮ್ಮ ಬಾಗಿಲವರೆಗೂ ಹೋಗಿ ಹೇಳಿದಳು.