ಬಾರಿನ ಪಾರ್ಟಿಗೆ ಬರಿಹೊಟ್ಟೆಯಲ್ಲಿ ಹೋಗಬೇಡಿ

'ಡಾಕ್ಟ್ರೇ, ಕುಡಿತ ಬಿಟ್ಟು ಎರಡು ತಿಂಗಳಾಯ್ತು. ಆದರೆ ಕೆಲಸ ಬಿಡೋಕಾಗುತ್ತಾ?' ಎಂದರು ಮಾರಾಟ ಪ್ರತಿನಿಧಿಯೊಬ್ಬರು. ತಿಂಗಳ ಗುರಿ ಮುಟ್ಟಿದರೆ ಬಾರಿನಲ್ಲಿ ಪಾರ್ಟಿ, ಡೀಲರುಗಳು ಬಂದರೆ ಮತ್ತೊಂದು. 'ಒಂದೇ ಪೆಗ್, ಏನಾಗುತ್ತೆ?' ಎನ್ನುವವರು ಸ್ನೇಹಿತರೇ. ಕಷ್ಟವಿರುವುದೂ ಅಲ್ಲಿಯೇ.

ನಿಮ್ಮ ಸ್ಥಿತಿಯೂ ಇದೇ ಆಗಿದ್ದರೆ, ಮೊದಲ ಕೆಲವು ತಿಂಗಳು ಇಂಥ ಕೂಟಗಳನ್ನು ಆದಷ್ಟೂ ತಪ್ಪಿಸಿ. ಹೋಗಲೇಬೇಕಾದರೆ ಊಟ ಮಾಡಿಕೊಂಡು ಹೋಗಿ. ಹಸಿವು, ದಣಿವು ಕುಡಿಯುವ ಆಸೆಯನ್ನು ಕೆರಳಿಸುತ್ತವೆ. ಹೋದ ಕೂಡಲೇ ನಿಂಬೆ ಸೋಡಾ ತರಿಸಿ ಕೈಯಲ್ಲಿ ಹಿಡಿದುಕೊಳ್ಳಿ. ಬರಿಗೈ ಕಂಡರೆ ತಾನೇ ಗ್ಲಾಸು ಮುಂದೆ ಬರುವುದು! 'ನಾನು ಕುಡಿಯೋದಿಲ್ಲ' ಎಂದಷ್ಟೇ ಹೇಳಿ. 'ಜ್ವರಕ್ಕೆ ಮಾತ್ರೆ ತಗೊಳ್ತಿದ್ದೀನಿ' ಎಂದರೆ, ಮುಂದಿನ ವಾರ 'ಜ್ವರ ಹೋಯ್ತಾ?' ಎಂದು ಕೇಳಿಯೇ ಕೇಳುತ್ತಾರೆ. ಆಸೆ ಉಕ್ಕಿದರೆ ಹೊರಗೆ ಬಂದು ಮನೆಗೆ ಫೋನ್ ಮಾಡಿ. ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ.

ವೈದ್ಯರು ಡೈಸಲ್ಫಿರಾಂ ಮಾತ್ರೆ ಕೊಟ್ಟಿದ್ದರೆ ಒಂದು ಗುಟುಕೂ ಸಲ್ಲದು. ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಈ ಅಪಾಯ ಉಳಿಯುತ್ತದೆ. ಗೃಹಿಣಿಯರೇ, ಗಂಡನಿಗೆ ತಿಳಿಯದಂತೆ ಅದನ್ನು ಸಾರಿನಲ್ಲಿ ಬೆರೆಸುವ ಸಾಹಸ ಖಂಡಿತ ಬೇಡ.

ಅಕಸ್ಮಾತ್ ಎಡವಿದರೆ ಮುಚ್ಚಿಡದೆ ಮರುದಿನವೇ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ದೂರದ ಊರಿನವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.