ಇಂಜಿನಿನ ತಲೆಯಿಂದ ಇಳಿಯುವ ಎಣ್ಣೆ



ಪಂಪು ಓಡುತ್ತಿದೆ, ಕಾಲುವೆಯಲ್ಲಿ ನೀರು ಹರಿಯುತ್ತಿದೆ, ಸದ್ದು ಸರಿಯಾಗಿದೆ. ಆದರೆ ಇಂಜಿನಿನ ಮೈ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಕಪ್ಪು ಜಿಡ್ಡು, ಅದಕ್ಕೆ ಮೆತ್ತಿದ ಮಣ್ಣು. “ಡೀಸೆಲ್ ಇಂಜಿನು ಅಂದಮೇಲೆ ಒಂದಿಷ್ಟು ಎಣ್ಣೆ ಜಿನುಗದೆ ಇರುತ್ತದೆಯೇ?” ಎಂದು ಬಹಳ ಮಂದಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಸ್ಪ್ಯಾನರು ಹಿಡಿದು ತಲೆಯ ಮೇಲಿನ ಮುಚ್ಚಳದ ನಟ್ಟುಗಳನ್ನು ಕೈಯಲ್ಲಿ ಬಲವಿರುವಷ್ಟೂ ಬಿಗಿದುಬಿಡುತ್ತಾರೆ. ಈ ಎರಡೂ ದಾರಿಯಲ್ಲಿ ನಷ್ಟವೇ. ಏಕೆ ಅನ್ನುವುದನ್ನು ಈ ದಿನ ನೋಡೋಣ.

ಮೊದಲು ಲೆಕ್ಕ ಹಾಕಿ. ಮೂರು ಸೆಕೆಂಡಿಗೆ ಒಂದು ಹನಿ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ಗಂಟೆಗೆ ೧,೨೦೦ ಹನಿ ಆಯಿತು. ಮೂವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಗಂಟೆಗೆ ೪೦ ಮಿಲಿಲೀಟರ್. ದಿನಕ್ಕೆ ಆರು ಗಂಟೆ ಓಡಿಸಿದರೆ ಹೆಚ್ಚುಕಡಿಮೆ ಕಾಲು ಲೀಟರು. ಸಣ್ಣ ಪಂಪು ಇಂಜಿನಿನ ಹೊಟ್ಟೆಯಲ್ಲಿ ಹಿಡಿಯುವುದೇ ಮೂರು ನಾಲ್ಕು ಲೀಟರು. ಒಂದು ವಾರ ಕಡ್ಡಿ ಎತ್ತಿ ನೋಡದೆ ಇದ್ದರೆ ಅರ್ಧ ಎಣ್ಣೆ ನೆಲದ ಪಾಲು. ಹನಿ ಹನಿ ಗೂಡಿದರೆ ಹಳ್ಳ ಅನ್ನುತ್ತಾರಲ್ಲ, ಇಲ್ಲಿ ಹಳ್ಳ ತುಂಬುವುದು ನಿಮ್ಮ ಜೇಬಿನಿಂದ. ಎಣ್ಣೆ ತೀರಾ ಇಳಿದು ಬೇರಿಂಗು ಹಿಡಿದುಕೊಂಡರೆ, ಪೈರಿಗೆ ನೀರು ಬೇಕಾದ ಹೊತ್ತಿನಲ್ಲೇ ಇಂಜಿನು ಮೂಲೆ ಸೇರುತ್ತದೆ.

ಇದಕ್ಕಿಂತ ದೊಡ್ಡ ಭಯ ಬೆಂಕಿಯದು. ಭಾರ ಎಳೆಯುವ ಡೀಸೆಲ್ ಇಂಜಿನಿನ ಹೊಗೆ ಕೊಳವೆಯ ಬುಡ ೪೦೦ ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಬಲ್ಲದು. ಅದರ ಮೇಲೆ ಎಣ್ಣೆ ಇಳಿದರೆ ಮೊದಲು ಹೊಗೆ, ಆಮೇಲೆ ಉರಿ. ಕಣದಲ್ಲಿ ಬಣವೆಯ ಪಕ್ಕ ಟ್ರ್ಯಾಕ್ಟರು ನಿಲ್ಲಿಸಿ ಒಕ್ಕಣೆ ಮಾಡುವವರು ಇದನ್ನು ಮರೆಯಬಾರದು.

ಈಗ ಈ ಮುಚ್ಚಳದ ಕೆಲಸವೇನು, ತಿಳಿಯೋಣ. ಮೆಕ್ಯಾನಿಕ್‌ಗಳು ಇದನ್ನು ಟ್ಯಾಪೆಟ್ ಕವರ್ ಅನ್ನುತ್ತಾರೆ. ಇದರ ಕೆಳಗೆ ವಾಲ್ವುಗಳು, ಅವುಗಳ ಸ್ಪ್ರಿಂಗು, ಅವನ್ನು ತುಳಿಯುವ ರಾಕರ್‌ಗಳು ಇರುತ್ತವೆ. ಇವು ಸವೆಯದಿರಲೆಂದು ಎಣ್ಣೆ ಇಲ್ಲಿಗೆ ಬಂದು, ನೆನೆಸಿ, ತಾನಾಗಿ ಕೆಳಗೆ ಇಳಿಯುತ್ತದೆ. ಮುಚ್ಚಳದ ಕೆಲಸ ಎಂದರೆ ಸಿಡಿಯುವ ಎಣ್ಣೆಯನ್ನು ಒಳಗೆ, ಧೂಳನ್ನು ಹೊರಗೆ ಇಡುವುದು, ಅಷ್ಟೇ. ಅದು ಒತ್ತಡ ತಡೆಯಬೇಕಾಗಿಲ್ಲ. ಆದ್ದರಿಂದಲೇ ಅದಕ್ಕೆ ಹಗುರವಾದ ಬಿಗಿ ಸಾಕು. ಹಳೆಯ ಲಿಸ್ಟರ್ ಮಾದರಿಯ ನಿಧಾನ ಇಂಜಿನುಗಳಲ್ಲಿ ರಾಕರ್‌ಗಳು ಬಯಲಲ್ಲೇ ಇದ್ದು, ಕೈಯಿಂದ ಎಣ್ಣೆ ಬಿಡಬೇಕು. ಅಲ್ಲಿ ತಲೆಯ ಮೇಲೆ ಜಿಡ್ಡು ಕಂಡರೆ ಅದು ಸೋರಿಕೆಯಲ್ಲ.

ಮುಚ್ಚಳಕ್ಕೂ ತಲೆಗೂ ನಡುವೆ ಕಾರ್ಕಿನದೋ ರಬ್ಬರಿನದೋ ಒಂದು ಗ್ಯಾಸ್ಕೆಟ್, ಅಂದರೆ ಪ್ಯಾಕಿಂಗು ಇರುತ್ತದೆ. ಕಾವಿಗೆ ಅದು ಒಣಗಿ ಗಡುಸಾಗಿ ಬಿರುಕು ಬಿಡುತ್ತದೆ. ಸೋರಲು ಇದು ಮೊದಲನೆಯ ಕಾರಣ.

ಎರಡನೆಯದು ಅತಿ ಬಿಗಿ. ಚಾಪೆಯ ಎರಡು ತುದಿ ಅದುಮಿದರೆ ನಡುವೆ ಎದ್ದು ನಿಲ್ಲುತ್ತದಲ್ಲ, ತಗಡಿನ ಮುಚ್ಚಳವೂ ಹಾಗೆಯೇ. ಬೋಲ್ಟಿನ ಬಳಿ ತಗ್ಗಾಗಿ ನಡುವೆ ಸಂದು ಬಿಡುತ್ತದೆ, ಪ್ಯಾಕಿಂಗು ಸೀಳುತ್ತದೆ. ಸೋರುತ್ತದೆ ಅಂತ ಬಿಗಿದಷ್ಟೂ ಸೋರಿಕೆ ಹೆಚ್ಚು.

ಮೂರನೆಯ ಕಾರಣವನ್ನು ಬಹಳ ಜನ ನೋಡುವುದೇ ಇಲ್ಲ. ಅದು ಇಂಜಿನಿನ ಉಸಿರುಗೊಳವೆ, ಬ್ರೀದರ್. ಪಿಸ್ಟನ್ ರಿಂಗುಗಳನ್ನು ನುಸುಳಿ ಸ್ವಲ್ಪ ಹೊಗೆ ಯಾವಾಗಲೂ ಇಂಜಿನಿನ ಹೊಟ್ಟೆಗೆ ಇಳಿಯುತ್ತದೆ. ಅದು ಈ ಕೊಳವೆಯಿಂದ ಹೊರಗೆ ಹೋಗಬೇಕು. ಧೂಳು, ಜಿಡ್ಡು ಸೇರಿ ಕೊಳವೆ ಕಟ್ಟಿಕೊಂಡರೆ? ಅಕ್ಕಂದಿರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅನ್ನ ಕುದಿಯುವಾಗ ತಪ್ಪಲೆಯ ಮೇಲೆ ತಟ್ಟೆ ಪೂರಾ ಮುಚ್ಚಿದರೆ ಗಂಜಿ ಅಂಚಿನಿಂದ ಉಕ್ಕುತ್ತದೆ. ಇಲ್ಲಿಯೂ ಅದೇ ಕಥೆ. ಉಸಿರು ಕಟ್ಟಿದ ಇಂಜಿನಿಗೆ ಎಷ್ಟು ಹೊಸ ಪ್ಯಾಕಿಂಗು ಹಾಕಿದರೂ ಎಣ್ಣೆ ಹೊರಗೆ ಬರುವುದು ನಿಲ್ಲದು.

ಹಾಗಾದರೆ ಸೋರುವ ಜಾಗ ಹಿಡಿಯುವುದು ಹೇಗೆ? ಇಂಜಿನು ತಣ್ಣಗಿರುವಾಗ ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಮೇಲಿನ ಭಾಗವನ್ನೆಲ್ಲ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಿರಿ. ಪೆಟ್ರೋಲು ಬೇಡ. ಪೂರಾ ಆರಿದ ಮೇಲೆ ಮುಚ್ಚಳದ ಅಂಚಿನ ಸುತ್ತ ಸೀಮೆಸುಣ್ಣದ ಪುಡಿ ಹಚ್ಚಿ, ಹದಿನೈದು ನಿಮಿಷ ಓಡಿಸಿ. ಪುಡಿ ಮೊದಲು ಒದ್ದೆಯಾದ ಕಡೆಯೇ ಸೋರುವ ಕಡೆ. ಎಣ್ಣೆ ಕೆಳಗೆ ಇಳಿಯುತ್ತದೆ. ಟ್ರ್ಯಾಕ್ಟರಿನಲ್ಲಿ ಫ್ಯಾನಿನ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಜಿಡ್ಡು ಕಂಡಲ್ಲಿ ಅಲ್ಲ, ಅದರ ಎಲ್ಲಕ್ಕಿಂತ ಮೇಲಿನ ತುದಿಯಲ್ಲಿ ಹುಡುಕಿ. ಪವರ್ ಟಿಲ್ಲರಿನಲ್ಲಿ ಸಿಲಿಂಡರು ಮಲಗಿರುವುದರಿಂದ ಮುಚ್ಚಳ ಪಕ್ಕಕ್ಕೆ ನಿಂತಿರುತ್ತದೆ. ಅದರ ಕೆಳ ಅಂಚನ್ನು ನೋಡಿ. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನೂ ಮರೆಯಬೇಡಿ. ಅದರ ರಬ್ಬರ್ ಬಳೆ ಹರಿದಿದ್ದರೆ ಎಣ್ಣೆ ಅಲ್ಲಿಂದಲೇ ಇಳಿದು ಪ್ಯಾಕಿಂಗಿಗೆ ಕೆಟ್ಟ ಹೆಸರು ಬರುತ್ತದೆ. ಇಳಿದದ್ದು ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ, ಅದು ಇಂಜೆಕ್ಟರ್ ಪೈಪಿನ ದೋಷ. ಪೈಪನ್ನು ಓಡುವ ಇಂಜಿನಿನಲ್ಲಿ ಬೆರಳಿಟ್ಟು ಪರೀಕ್ಷಿಸಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಇನ್ನು ರಿಪೇರಿ. ಮೊದಲು ಉಸಿರುಗೊಳವೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಊದಿ ನೋಡಿ. ಅದನ್ನು ಮರಳಿ ಕೂರಿಸಿ ಒಂದು ದಿನ ಓಡಿಸಿ. ಅಷ್ಟಕ್ಕೇ ಸೋರುವುದು ನಿಂತರೆ ಕಾಸು ಖರ್ಚಿಲ್ಲ.

ನಿಲ್ಲದಿದ್ದರೆ ಮುಚ್ಚಳ ತೆಗೆಯಬೇಕು. ಇಂಜಿನು ಪೂರಾ ಆರಿರಲಿ. ಸುತ್ತಲಿನ ಮಣ್ಣನ್ನು ಮೊದಲೇ ಒರೆಸಿ. ತೆಗೆಯುವಾಗ ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಬೇರಿಂಗಿಗೆ ಕೇಡು. ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಮುಚ್ಚಳ ಅಂಟಿಕೊಂಡಿದ್ದರೆ ಕೊಡತಿಯಿಂದ ಪಕ್ಕದಲ್ಲಿ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರು ತೂರಿಸಿ ಎಬ್ಬಬಾರದು, ಅಂಚಿಗೆ ಗಾಯವಾಗುತ್ತದೆ. ತೆಗೆದ ಮೇಲೆ ಕೆಳಗೆ ಕಾಣುವ ರಂಧ್ರಗಳಿಗೆ ಶುಭ್ರವಾದ ಬಟ್ಟೆ ಮುಚ್ಚಿ, ಹಳೆಯ ಪ್ಯಾಕಿಂಗನ್ನು ಮರದ ಚಕ್ಕೆಯಿಂದ ಕೆರೆಯಿರಿ. ಮರಳು ಕಾಗದ ಉಜ್ಜಬೇಡಿ.

ಮುಚ್ಚಳವನ್ನು ತೊಳೆದು ಗಾಜಿನ ಹಲಗೆಯ ಮೇಲೆ ಬೋರಲು ಹಾಕಿದರೆ ತಗ್ಗು ಉಬ್ಬು ಗೊತ್ತಾಗುತ್ತದೆ. ತಗಡಿನದಾದರೆ ಬೋಲ್ಟು ತೂತಿನ ಸುತ್ತ ಹೊರಗುಬ್ಬಿದ್ದನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಬಹುದು. ಎರಕದ ಮುಚ್ಚಳವನ್ನು ತಟ್ಟಬೇಡಿ, ಒಡೆಯುತ್ತದೆ.

ಹೊಸ ಪ್ಯಾಕಿಂಗು ಅದೇ ಇಂಜಿನಿನದೇ ಆಗಿರಲಿ. ಸೈಕಲ್ ಟ್ಯೂಬು ಕತ್ತರಿಸಿ ಹಾಕುವವರಿದ್ದಾರೆ. ಆ ರಬ್ಬರು ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗಿ ಕೆಲವೇ ದಿನದಲ್ಲಿ ಜಾರುತ್ತದೆ. ಸೋಪು ಮೆತ್ತುವುದೂ ಇಲ್ಲಿ ನಡೆಯದು. ಕಾರ್ಕಿನದಾದರೆ ಗ್ಯಾಸ್ಕೆಟ್ ಅಂಟನ್ನು ಮುಚ್ಚಳದ ಕಡೆಗೆ ಮಾತ್ರ ತೆಳ್ಳಗೆ ಹಚ್ಚಿ. ಹೆಚ್ಚಾದ ಅಂಟು ಒಳಗೆ ಕಳಚಿ ಬಿದ್ದು ಎಣ್ಣೆಯ ದಾರಿ ಕಟ್ಟುತ್ತದೆ. ರಬ್ಬರಿನದಾದರೆ ಇಂಜಿನಿನ ಪುಸ್ತಕ ಹೇಳದ ಹೊರತು ಅಂಟು ಬೇಡ. ಮುಚ್ಚಿದ್ದ ಬಟ್ಟೆಯನ್ನು ಎಣಿಸಿ ಹೊರಗೆ ತೆಗೆದು, ಮುಚ್ಚಳ ಕೂರಿಸಿ.

ಬಿಗಿಯುವಾಗ ಗಿಡ್ಡ ಸ್ಪ್ಯಾನರು ಹಿಡಿಯಿರಿ. ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಿಂದ ತಿರುಗಿಸಿ. ಆಮೇಲೆ ನಡುವಿನಿಂದ ತುದಿಗೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಿರಿ. ಪ್ಯಾಕಿಂಗು ಅದುಮಿಕೊಂಡು ಕೂತಿತೆಂದರೆ ನಿಲ್ಲಿಸಿ. ಪುಸ್ತಕದಲ್ಲಿ ಬಿಗಿಯ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹತ್ತು ನಿಮಿಷ ಓಡಿಸಿ ಅಂಚು ಪರೀಕ್ಷಿಸಿ, ತಣಿದ ಮೇಲೆ ಸಡಿಲಾದದ್ದು ಇದ್ದರೆ ಅಷ್ಟನ್ನು ಮಾತ್ರ ಸರಿಪಡಿಸಿ. ಎಣ್ಣೆ ಹಾಕುವಾಗ ಕಡ್ಡಿಯ ಮೇಲಿನ ಗೆರೆ ದಾಟಿಸಬೇಡಿ. ಒರೆಸಿದ ಜಿಡ್ಡು, ಹಳೆ ಎಣ್ಣೆ ಬಾವಿಯ ಕಡೆ ಹರಿಯದಂತೆ ಡಬ್ಬದಲ್ಲಿ ಹಿಡಿದಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಸೋರಿದರೆ, ಉಸಿರುಗೊಳವೆಯಿಂದ ಹೊಗೆ ಭುಸುಭುಸು ಅಂತ ರಭಸವಾಗಿ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ರಿಂಗು ಸವೆದಿರುವ ಗುರುತು. ಆಗ ಮೆಕ್ಯಾನಿಕ್‌ನನ್ನು ಕರೆಯಿರಿ. ಆದರೆ ಒಂದು ಮಾತು. ಯಾರಾದರೂ ಮುಚ್ಚಳದ ಜಿಡ್ಡು ನೋಡಿದ ಕೂಡಲೇ “ಇಂಜಿನು ಪೂರಾ ಬಿಚ್ಚಬೇಕು” ಎಂದರೆ, “ಬ್ರೀದರ್ ನೋಡಿದಿರಾ? ಪ್ಯಾಕಿಂಗು ನೋಡಿದಿರಾ?” ಎಂದು ಮೊದಲು ಕೇಳಿ. ನೂರಾರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿ ತೆರಬೇಕಾಗಿಲ್ಲ.

ನಾಳೆ ಬೆಳಿಗ್ಗೆ ಇಂಜಿನು ಹಚ್ಚುವ ಮುಂಚೆ ಕಡ್ಡಿ ಎತ್ತಿ ಎಣ್ಣೆ ನೋಡಿ, ಮುಚ್ಚಳದ ಅಂಚಿಗೆ ಒಮ್ಮೆ ಬಟ್ಟೆ ಆಡಿಸಿ. ಸ್ಪ್ಯಾನರು ಆಮೇಲೆ ಹುಡುಕಿದರಾಯಿತು.