ಹೊಸ್ತಿಲು ಮತ್ತು ಬಚ್ಚಲುಮನೆ

ಮನೆಯ ದುರಸ್ತಿಗೆ ಹೊರಟವರು ಮೊದಲು ಯೋಚಿಸುವುದು ಸುಣ್ಣಬಣ್ಣಗಳನ್ನು. ನಾವೂ ಹಾಗೆಯೇ ಹೊರಟವರು. ಮೈಸೂರಿನ ನಮ್ಮ ಮನೆ ಅಜ್ಜನ ಕಾಲದ್ದು. ಬೀದಿಯಿಂದ ಜಗಲಿಗೆ ಮೂರು ಮೆಟ್ಟಲು, ಕೋಣೆಕೋಣೆಗೂ 4 ಅಂಗುಲದ ಹೊಸ್ತಿಲು, ಬಚ್ಚಲಿಗೆ ಒಂದು ಇಳಿಮೆಟ್ಟಲು. ಆ ಮೆಟ್ಟಲಿನಲ್ಲಿಯೇ ನಮ್ಮ ತಾಯಿಯವರು ಒಂದು ಮುಂಜಾನೆ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಮೂಳೆಯೇನೋ ಕೂಡಿತು. ಆದರೆ ಊರುಗೋಲು ಹಿಡಿದ ಮೇಲೆ ನಡುಮನೆಯಿಂದ ಅಡಿಗೆಯ ಮನೆಗೆ ಬರಬೇಕಾದರೂ ಯಾರನ್ನಾದರೂ ಕೂಗಬೇಕಾಯಿತು. ಕೆಲವು ದಿನಗಳಾದ ಮೇಲೆ ಅವರು ಕೂಗುವುದನ್ನೇ ಬಿಟ್ಟರು. ನಮಗೆ ಎಚ್ಚರವಾದುದು ಆಗ.

ಬಲವುಳ್ಳವರಿಗೂ ಬಲಗುಂದಿದವರಿಗೂ ಒಂದೇ ಸಮನಾಗಿ ಒದಗುವಂತೆ ಮನೆಯನ್ನು ರಚಿಸುವ ಕ್ರಮಕ್ಕೆ ‘ಯೂನಿವರ್ಸಲ್ ಡಿಸೈನ್’, ಎಂದರೆ ಸಾರ್ವತ್ರಿಕ ವಿನ್ಯಾಸವೆಂಬ ಹೆಸರನ್ನಿತ್ತವರು ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್. ಬಾಲ್ಯದಲ್ಲಿ ಪೋಲಿಯೋ ತಗಲಿ ಗಾಲಿಕುರ್ಚಿಯಲ್ಲಿ ಸಂಚರಿಸುತ್ತಿದ್ದವರು ಅವರು. ಅವರೂ ಸಹೋದ್ಯೋಗಿಗಳೂ 1997ರಲ್ಲಿ ಇದಕ್ಕೆ ಏಳು ಸೂತ್ರಗಳನ್ನು ನಿರೂಪಿಸಿದರು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿಯೂ ಇದರ ವಿವರಣೆಯುಂಟು. ಅಶಕ್ತರಿಗೆಂದು ಬೇರೆ ದಾರಿ ಬೇಡ, ಎಲ್ಲರ ದಾರಿಯೇ ಅವರಿಗೂ ಸುಗಮವಾಗಿರಲಿ ಎಂಬುದು ಇದರ ತಿರುಳು.

ಮಾತು ಸುಲಭ, ಕೆಲಸ ಕಷ್ಟ! ಇಳಿಜಾರು ದಾರಿಗೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಮ್ಮ ಜಗಲಿ 18 ಅಂಗುಲ. ಮನೆಯ ಮುಂದೆ 18 ಅಡಿ ಎಲ್ಲಿಂದ ತರುವುದು? ಆರಡಿಯಲ್ಲಿ ಮುಗಿಸುತ್ತೇನೆಂದ ಮೇಸ್ತ್ರಿಯನ್ನು ತಡೆದು, ಪಕ್ಕದ ಓಣಿಯುದ್ದಕ್ಕೂ ಕಟ್ಟಿಸಿ ಪಕ್ಕದ ಬಾಗಿಲಿಗೆ ಸೇರಿಸಿದೆವು. ಈಗ ಅಕ್ಕಿಯ ಮೂಟೆ, ಗ್ಯಾಸಿನ ಸಿಲಿಂಡರು, ಮೊಮ್ಮಗುವಿನ ತಳ್ಳುಬಂಡಿ ಎಲ್ಲವೂ ಬರುವುದು ಅಲ್ಲಿಂದಲೇ. ಮೂರು ಮೆಟ್ಟಲು ಹತ್ತುವವರು ಅತಿಥಿಗಳು ಮಾತ್ರ.

ಹೆಚ್ಚಿನ ಹಣ ಹಿಡಿದುದು ಬಚ್ಚಲುಮನೆ. ನುಣುಪುಗಲ್ಲನ್ನು ತೆಗೆಯಿಸಿ ತರಿಯಾದ ಹಾಸುಗಲ್ಲನ್ನು ಹಾಕಿಸಿದೆವು. ನೆಲವನ್ನು ಕೋಣೆಯ ಮಟ್ಟಕ್ಕೇ ಎತ್ತಿಸಿ, ನೀರು ಹೊರಗೆ ಹರಿಯದಂತೆ ಮೋರಿಯ ಕಡೆಗೆ ವಾಟ ಕೊಡಿಸಿದೆವು. ಎರಡಡಿಯ ಬಾಗಿಲು ಮೂರಡಿಯಾಯಿತು. ಅದು ಹೊರಕ್ಕೆ ತೆರೆಯುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ದೇಹವೇ ಅದಕ್ಕೆ ಅಗುಳಿಯಾಗುವುದುಂಟು. ಗೋಡೆಯ ಹಿಡಿಸರಳನ್ನು ಗಾರೆಗಲ್ಲ, ಒಳಗಿನ ಇಟ್ಟಿಗೆಗೇ ನಾಟಿಸಬೇಕು. ವಸ್ತ್ರ ಹರವುವ ಸರಳು ಮನುಷ್ಯನ ಭಾರವನ್ನು ತಾಳಲಾರದು. ಈ ಕೆಲಸವನ್ನು ಗಾರೆ ಮುಗಿದ ಮೇಲೆ ನೆನೆದು ಗೋಡೆಯನ್ನು ಮತ್ತೆ ಒಡೆಯಿಸಿದ ಜಾಣರು ನಾವು. ಓದುಗರು ಆ ಖರ್ಚನ್ನು ಉಳಿಸಿಕೊಳ್ಳಬಹುದು.

ಒಳಗಿನ ಹೊಸ್ತಿಲುಗಳನ್ನೂ ನೆಲಕ್ಕೆ ಸಮ ಮಾಡಿಸಿದೆವು. ತಲೆಬಾಗಿಲಿನದಕ್ಕೆ ಬಂದಾಗ ತಾಯಿಯವರು, “ಅದರ ಮೇಲೆ ಗರಗಸ ಇಡಕೂಡದು ಕಣಪ್ಪ” ಎಂದರು. ಅದರಿಂದ ಹೆಚ್ಚು ತೊಂದರೆ ಪಟ್ಟವರೇ ಅವರು! ನಾವು ವಾದಿಸಲಿಲ್ಲ, ಅದು ಹಾಗೆಯೇ ಉಳಿಯಿತು. ಈಗ ಶುಕ್ರವಾರ ಬೆಳಗಾದರೆ ಅವರು ಯಾರನ್ನೂ ಕರೆಯದೆ ಸ್ನಾನ ಮುಗಿಸಿಕೊಂಡು, ಊರುಗೋಲೂರಿ ಅಲ್ಲಿಗೆ ಬಂದು, ಎತ್ತರದ ಮಣೆಯ ಮೇಲೆ ಕುಳಿತು ಹೊಸ್ತಿಲಿಗೆ ಅರಿಶಿನ ಕುಂಕುಮವಿಡುತ್ತಾರೆ.